ತಜ್ಞರ ಉತ್ತರ: ನೂರು ವರ್ಷದ ಬಾಯ್ಲರ್ ಪಕ್ಕ ನಿಲ್ಲಬಹುದಾ?

ಓದುಗರ ಪ್ರಶ್ನೆ: ನಾನು ತುಮಕೂರಿನವನು. ಆರು ವರ್ಷದಿಂದ ಇಂಗ್ಲೆಂಡಿನ ಸಾಲ್ಸ್‌ಬರಿ ಹತ್ತಿರ ಇದ್ದೇನೆ. ಸಾಫ್ಟ್‌ವೇರ್ ಕೆಲಸ. ನಮ್ಮ ಬೀದಿಯ ಹಿರಿಯರೊಬ್ಬರ ಹತ್ತಿರ 1912ರ ಬರೆಲ್ ಕಂಪನಿಯ ಟ್ರ್ಯಾಕ್ಷನ್ ಎಂಜಿನ್ ಇದೆ, ಅಂದರೆ ರಸ್ತೆಯ ಮೇಲೆ ಓಡುವ ಸ್ಟೀಮ್ ಎಂಜಿನ್. ಎರಡು ಬೇಸಿಗೆಯಿಂದ ಅವರ ಜೊತೆ ಸ್ಟೀಮ್ ರ‍್ಯಾಲಿಗಳಿಗೆ ಹೋಗುತ್ತಿದ್ದೇನೆ. ಹಿತ್ತಾಳೆ ಉಜ್ಜುವುದು, ಕಲ್ಲಿದ್ದಲು ಹೊರುವುದು, ನೀರು ತುಂಬುವುದು, ಇಷ್ಟೇ. ಈ ವರ್ಷ ಸ್ಟಿಯರಿಂಗ್ ಹಿಡಿ ಅಂತ ಕರೆದಿದ್ದಾರೆ. ಕಳೆದ ಆಗಸ್ಟ್‌ನಲ್ಲಿ ಒಂದು ಘಟನೆ ನಡೆಯಿತು. ಮೈದಾನದ ದಿಣ್ಣೆ ಹತ್ತುವಾಗ ನೀರಿನ ಗಾಜು, ಅಂದರೆ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಕೊಳವೆ, ತುಂಬಿತ್ತು. ತುದಿ ದಾಟಿ ಮೂತಿ ಕೆಳಗಾದ ಕೂಡಲೇ ಗಾಜಿನಲ್ಲಿ ನೀರೇ ಕಾಣಲಿಲ್ಲ. ಅವರು ಜೋರಾಗಿ ಕೂಗಿದರು. ಎಂಜಿನ್ ನಿಲ್ಲಿಸಿ, ಹಿಂದಕ್ಕೆ ಸಮತಟ್ಟಿಗೆ ತಂದರು. ನೀರು ಮತ್ತೆ ಕಂಡಿತು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಮನೆಯಲ್ಲಿ ಹೇಳಿದೆ. ಈಗ ಹೆಂಡತಿ ಅದನ್ನು ‘ಬಾಂಬ್’ ಅಂತಲೇ ಕರೆಯುತ್ತಾಳೆ. ನೂರು ವರ್ಷದ ಕಬ್ಬಿಣ ಎಷ್ಟು ದಿನ ತಡೆದೀತು ಅಂತ ಅವಳ ಪ್ರಶ್ನೆ. ಸೇಫ್ಟಿ ವಾಲ್ವ್ ಇದೆ, ಸೀಸದ ಪ್ಲಗ್ ಇದೆ, ಏನೂ ಆಗಲ್ಲ ಅಂತ ಕ್ಲಬ್‌ನವರು ಹೇಳುತ್ತಾರೆ. ಹತ್ತು ವರ್ಷದ ಮಗನಿಗೆ ಮೇಲೆ ಹತ್ತುವ ಆಸೆ. ನಾನು ಬಿಡಬೇಕಾ, ಮುಂದುವರಿಯಬೇಕಾ? ಇಲ್ಲ, ಸ್ವಂತಕ್ಕೆ ಒಂದು ಚಿಕ್ಕ ಮಾದರಿ ಎಂಜಿನ್ ತಗೊಂಡರೆ ಕಡಿಮೆ ಅಪಾಯವಾ?

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಭಯ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಎಂಜಿನ್ ಹಳೆಯದು ಅನ್ನುವುದು ಒಂದು. ಒಳಗೆ ಒತ್ತಡ ಇದೆ ಅನ್ನುವುದು ಇನ್ನೊಂದು. ಆ ದಿನ ಗಾಜಿನಲ್ಲಿ ನೀರು ಮಾಯವಾಯಿತು ಅನ್ನುವುದು ಮೂರನೆಯದು. ಮೊದಲ ಎರಡಕ್ಕೆ ಲೆಕ್ಕ ಇದೆ, ಪರೀಕ್ಷೆ ಇದೆ, ಕಾಗದ ಇದೆ. ಮೂರನೆಯದಕ್ಕೆ ಇರುವುದು ಎಂಜಿನ್ ಮೇಲೆ ನಿಂತವರ ಕಣ್ಣು ಮಾತ್ರ. ಹಾಗಾಗಿ ಹೆಚ್ಚು ಹೊತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ನಾನು ಕೆಲಸ ಕಲಿತದ್ದು ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ. ಆಮೇಲೆ ಬಹಳ ವರ್ಷ ಇಂಗ್ಲೆಂಡಿನಲ್ಲಿ ಬಾಯ್ಲರ್ ತಪಾಸಣೆ ಮಾಡಿದೆ. ಬೆಂಕಿ ಉರಿಯುವ ಪೆಟ್ಟಿಗೆಯ, ಅಂದರೆ ಫೈರ್‌ಬಾಕ್ಸ್‌ನ, ಬಾಗಿಲಿನಲ್ಲಿ ತಲೆ ತೂರಿಸಿ, ಟಾರ್ಚ್ ಹಿಡಿದು, ಸುತ್ತಿಗೆಯಿಂದ ತಟ್ಟಿ ನೋಡುವ ಕೆಲಸ ಅದು. ಈ ಎಂಜಿನ್‌ಗಳೆಂದರೆ ನನಗೆ ಪ್ರೀತಿ. ನಮ್ಮ ಊರಿನ ರಸ್ತೆಗೆ ಜಲ್ಲಿ ಹಾಕುವಾಗ ಹೊಗೆ ಉಗುಳುತ್ತಾ ಬರುತ್ತಿದ್ದ ರೋಡ್ ರೋಲರ್ ಹಿಂದೆ ಓಡಿದವನು ನಾನು. ಅದರ ಮೂತಿಯ ಮೇಲೆ ಎರಡು ಕಾಲೆತ್ತಿ ನಿಂತ ಹಿತ್ತಾಳೆ ಕುದುರೆ ಇತ್ತು. ಅದು ಆವೆಲಿಂಗ್ ಅಂಡ್ ಪೋರ್ಟರ್ ಕಂಪನಿಯ ಗುರುತು, ಕೆಂಟ್ ಜಿಲ್ಲೆಯ ಕುದುರೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅದೇ ಥಾಮಸ್ ಆವೆಲಿಂಗ್ 1859ರಲ್ಲಿ, ಕುದುರೆ ಕಟ್ಟಿ ಎಳೆಯಬೇಕಿದ್ದ ಸ್ಟೀಮ್ ಎಂಜಿನ್ನಿಗೆ ಚೈನು ಹಾಕಿ ತನ್ನ ಕಾಲ ಮೇಲೆ ತಾನೇ ನಡೆಯುವಂತೆ ಮಾಡಿದ. ನಿಮ್ಮ ನೆರೆಯವರ ಬರೆಲ್ ಕೂಡ ಆ ವಂಶದ್ದೇ.

ಮೊದಲು ನಿಮ್ಮ ಮನೆಯವರ ಪ್ರಶ್ನೆ. ನೂರು ವರ್ಷದ ಕಬ್ಬಿಣ ಎಷ್ಟು ದಿನ ತಡೆದೀತು?

ಎಂಜಿನ್ನಿನ ವಯಸ್ಸು ಬೇರೆ, ಬಾಯ್ಲರಿನ ವಯಸ್ಸು ಬೇರೆ. 1912 ಅಂತ ಬರೆದ ಹಲಗೆ ಹೊತ್ತ ಎಷ್ಟೋ ಎಂಜಿನ್‌ಗಳಲ್ಲಿ ಫೈರ್‌ಬಾಕ್ಸ್ ಒಂದೆರಡು ಸಲ ಬದಲಾಗಿರುತ್ತದೆ. ಕೆಲವಕ್ಕೆ ಪೂರ್ತಿ ಬಾಯ್ಲರೇ ಹೊಸದು. ಬೆಂಕಿಯ ಹೊಗೆ ಹಾದುಹೋಗುವ ಟ್ಯೂಬ್‌ಗಳಂತೂ ಸವೆದ ಹಾಗೆ ಬದಲಾಗುತ್ತಲೇ ಇರುತ್ತವೆ. ನಿಮ್ಮ ನೆರೆಯವರನ್ನು ಕೇಳಿ, ಬಾಯ್ಲರ್ ಯಾವ ಇಸವಿಯದು ಅಂತ. ಖುಷಿಯಿಂದ ಹೇಳುತ್ತಾರೆ. ಯಾಕೆಂದರೆ ಅದಕ್ಕೆ ಎಷ್ಟು ದುಡ್ಡು ಹೋಯಿತು ಅಂತ ಅವರು ಮರೆತಿರುವುದಿಲ್ಲ.

ಹಾಗಂತ ಹಳೆಯ ಬಾಯ್ಲರ್ ಎಲ್ಲ ಗಟ್ಟಿ ಅಂತ ನಾನು ಹೇಳುವುದಿಲ್ಲ. ಬಾಯ್ಲರ್ ಸಾಯುವುದು ಹೆಚ್ಚಾಗಿ ಓಡುವಾಗ ಅಲ್ಲ, ಸುಮ್ನೆ ನಿಂತಿರುವಾಗ. ಚಳಿಗಾಲದಲ್ಲಿ ತಳದಲ್ಲಿ ಸ್ವಲ್ಪ ನೀರು, ಕೆಸರು ಬಿಟ್ಟು ಶೆಡ್ಡಿಗೆ ತಳ್ಳಿದರೆ ಒಳಗಿಂದ ತುಕ್ಕು ತಿನ್ನುತ್ತದೆ. ಚಿಮಣಿಯ ಬುಡದ ಹೊಗೆಪೆಟ್ಟಿಗೆಯ ತಳದಲ್ಲಿ ಉಳಿದ ಬೂದಿಯಲ್ಲಿ ಗಂಧಕ ಇರುತ್ತದೆ. ತೇವ ತಗುಲಿದರೆ ಅದು ಆಮ್ಲವಾಗಿ ತಗಡನ್ನು ಹೊರಗಿಂದ ತಿನ್ನುತ್ತದೆ. ಫೈರ್‌ಬಾಕ್ಸ್‌ನ ಚಪ್ಪಟೆ ಗೋಡೆಗಳನ್ನು ಹಿಡಿದಿಡುವ ಸ್ಟೇ ಬೋಲ್ಟ್‌ಗಳು ತುಂಡಾಗಬಹುದು. ಜೋಡಣೆಯ ಅಂಚುಗಳಲ್ಲಿ ಸೀಳು ಶುರುವಾಗಬಹುದು. ಇವೆಲ್ಲ ಹೊರಗಿನ ಹೊಳೆಯುವ ಬಣ್ಣದಲ್ಲಿ ಕಾಣುವುದಿಲ್ಲ. ಅದಕ್ಕೇ ತಪಾಸಣೆ.

ಬ್ರಿಟನ್‌ನಲ್ಲಿ ಈ ತಪಾಸಣೆಗೆ ಉದ್ದನೆಯ ಇತಿಹಾಸ ಇದೆ. ಗಿರಣಿಗಳಲ್ಲಿ ಬಾಯ್ಲರ್‌ಗಳು ಸಿಡಿದು ಜನ ಸಾಯುತ್ತಿದ್ದ ಕಾಲದಲ್ಲಿ, 1854ರಲ್ಲಿ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರೇ ಸೇರಿ ತಪಾಸಣೆಯ ಸಂಘ ಕಟ್ಟಿದರು. 1882ರ ಕಾಯ್ದೆ ಬಂದ ಮೇಲೆ ಪ್ರತಿ ಸಿಡಿತಕ್ಕೂ ವಿಚಾರಣೆ ನಡೆಯತೊಡಗಿತು. ಈಗ 2000ನೇ ಇಸವಿಯ ಒತ್ತಡ ವ್ಯವಸ್ಥೆಗಳ ಸುರಕ್ಷತಾ ನಿಯಮ ಇದೆ. ಯಾವ ಭಾಗ, ಯಾವಾಗ, ಹೇಗೆ ನೋಡಬೇಕು ಅಂತ ಬರೆದಿಟ್ಟ ಯೋಜನೆ ಇಲ್ಲದೆ ಬಾಯ್ಲರಿಗೆ ಒತ್ತಡ ಏರಿಸುವ ಹಾಗಿಲ್ಲ. ರೂಢಿಯಲ್ಲಿ ವರ್ಷಕ್ಕೊಮ್ಮೆ ತಣ್ಣಗಿರುವಾಗ ಒಳಹೊರಗೆ ನೋಡುತ್ತೇವೆ. ಆಮೇಲೆ ಬೆಂಕಿ ಹಾಕಿ, ಸೇಫ್ಟಿ ವಾಲ್ವ್ ಸರಿಯಾದ ಒತ್ತಡಕ್ಕೆ ಏಳುತ್ತದಾ ಅಂತ ನೋಡುತ್ತೇವೆ. ಅಲ್ಟ್ರಾಸೌಂಡ್ ಯಂತ್ರದಲ್ಲಿ ತಗಡಿನ ದಪ್ಪ ಅಳೆಯುತ್ತೇವೆ. ದೊಡ್ಡ ರಿಪೇರಿ ಆದ ಮೇಲೆ, ಮತ್ತು ಕೆಲವು ವರ್ಷಕ್ಕೊಮ್ಮೆ, ತಣ್ಣೀರು ತುಂಬಿ ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಿ ನೋಡುತ್ತೇವೆ. ತಣ್ಣೀರು ಯಾಕೆ ಗೊತ್ತಾ? ನೀರು ಒತ್ತಿದರೆ ಕುಗ್ಗುವುದಿಲ್ಲ. ತಗಡು ಬಿಟ್ಟುಕೊಟ್ಟರೂ ಒಂದಿಷ್ಟು ನೀರು ಚಿಮ್ಮಿ ನಿಂತುಹೋಗುತ್ತದೆ, ಅಷ್ಟೇ.

ಹಾಗಾಗಿ ವಯಸ್ಸಿನ ಬಗ್ಗೆ ನನ್ನ ಮಾತು ಇಷ್ಟು. ಈ ವರ್ಷದ ತಪಾಸಣೆಯ ವರದಿ ಇದ್ದು, ಚಳಿಗಾಲದಲ್ಲಿ ಬಾಯ್ಲರ್ ತೊಳೆದು ಒಣಗಿಸಿ ಇಡುವ ಮಾಲೀಕರಾದರೆ, 1912 ಅನ್ನುವ ಅಂಕಿಗೆ ನಾನು ಹೆದರುವುದಿಲ್ಲ.

ಈಗ ಆ ಆಗಸ್ಟ್ ದಿನಕ್ಕೆ ಬರೋಣ.

ನಿಮ್ಮ ಅಜ್ಜಿಯ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತಾ? ಒಲೆಯ ಮೇಲೆ ಕೂರಿಸಿದ ಹಂಡೆ. ಅದರಲ್ಲಿ ನೀರು ಇರುವ ತನಕ ಎಷ್ಟು ಉರಿ ಹಾಕಿದರೂ ತಾಮ್ರಕ್ಕೆ ಏನೂ ಆಗುವುದಿಲ್ಲ. ನೀರು ಖಾಲಿಯಾದ ಮೇಲೆ ಉರಿ ಬಿದ್ದರೆ ತಳ ಹೋಯಿತು. ‘ಹಂಡೆಗೆ ನೀರು ತುಂಬದೆ ಉರಿ ಹಾಕಬೇಡ’ ಅಂತ ಮನೆಯಲ್ಲಿ ಎಲ್ಲರೂ ಬೈಸಿಕೊಂಡವರೇ. ಟ್ರ್ಯಾಕ್ಷನ್ ಎಂಜಿನ್ನಿನ ಒಳಗಿನ ಗುಟ್ಟೂ ಇದೇ.

ಫೈರ್‌ಬಾಕ್ಸ್ ಅಂದರೆ ಬೆಂಕಿ ಉರಿಯುವ ಲೋಹದ ಪೆಟ್ಟಿಗೆ. ಅದರ ನಾಲ್ಕೂ ಕಡೆ ಮತ್ತು ಮೇಲೆ ನೀರು. ಮೇಲಿನ ತಗಡಿಗೆ ಕ್ರೌನ್ ಅಂತಾರೆ. ಕೆಳಗಿನಿಂದ ನಿಗಿನಿಗಿ ಬೆಂಕಿ, ಮೇಲಿನಿಂದ ನೀರು. ಒತ್ತಡ ಚದರ ಇಂಚಿಗೆ 150 ಪೌಂಡ್ ಇದ್ದರೆ ಒಳಗಿನ ನೀರು ಸುಮಾರು 185 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ನಮಗೆ ಅದು ಭಯಂಕರ ಬಿಸಿ. ಉಕ್ಕಿಗೆ ಮಾತ್ರ ತಂಪು. ನೀರು ಬಿಸಿಯನ್ನು ಎಳೆದುಕೊಳ್ಳುತ್ತಿರುವ ತನಕ ಕ್ರೌನ್ ಗಟ್ಟಿ. ಆ ನೀರು ಸರಿದು ಬರಿ ತಗಡಿಗೆ ಬೆಂಕಿ ತಗುಲಿದರೆ ಕೆಲವೇ ನಿಮಿಷದಲ್ಲಿ ಅದು ಕೆಂಪಗಾಗುತ್ತದೆ. 600 ಡಿಗ್ರಿ ಹತ್ತಿರ ಉಕ್ಕಿನ ಬಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎರಡು ಅಡಿಗೆ ಎರಡೂವರೆ ಅಡಿಯ ಕ್ರೌನ್ ಅಂತ ಇಟ್ಟುಕೊಳ್ಳಿ. 150 ಪೌಂಡ್ ಒತ್ತಡದಲ್ಲಿ ಅದರ ಮೇಲೆ ಕೂತ ಭಾರ ಸುಮಾರು 49 ಟನ್. ಮೆತ್ತಗಾದ ತಗಡು ಅದನ್ನು ಹೇಗೆ ಹೊರುತ್ತದೆ? ಜೋತು ಬೀಳುತ್ತದೆ, ಆಮೇಲೆ ಹರಿಯುತ್ತದೆ.

ಹರಿದ ಕ್ಷಣದಲ್ಲಿ ಒಳಗಿನ ಒತ್ತಡ ಇಳಿದುಹೋಗುತ್ತದೆ. 185 ಡಿಗ್ರಿಯ ನೀರಿಗೆ ನೀರಾಗಿಯೇ ಇರಲು ಆಗುವುದಿಲ್ಲ. ಆರರಲ್ಲಿ ಒಂದು ಪಾಲು ನೀರು ಒಮ್ಮೆಲೇ ಆವಿಯಾಗುತ್ತದೆ. ಆವಿ ಹೊರಗಿನ ಗಾಳಿಯ ಒತ್ತಡದಲ್ಲಿ ನೀರಿಗಿಂತ 1600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಟನ್‌ಗಟ್ಟಲೆ ತೂಕದ ಎಂಜಿನ್ನನ್ನು ಎತ್ತಿ ಎಸೆಯುವುದು ಇದೇ.

2001ರ ಜುಲೈ 29ರಂದು ಅಮೆರಿಕದ ಓಹಾಯೊ ರಾಜ್ಯದ ಮೆಡೈನಾದಲ್ಲಿ ಆಗಿದ್ದು ಇದು. ಜಾತ್ರೆಯ ಮೈದಾನಕ್ಕೆ ಬಂದ ಒಂದು ಕೇಸ್ ಕಂಪನಿಯ ಟ್ರ್ಯಾಕ್ಷನ್ ಎಂಜಿನ್ ಸಿಡಿದು ಐದು ಜನ ತೀರಿಕೊಂಡರು. ಹತ್ತಾರು ಜನಕ್ಕೆ ಪೆಟ್ಟಾಯಿತು. ನೀರು ಕ್ರೌನ್‌ಗಿಂತ ಕೆಳಗೆ ಇಳಿದಿತ್ತು, ಕ್ರೌನ್ ತಗಡು ಆ ಮೊದಲೇ ಸವೆದು ತೆಳುವಾಗಿತ್ತು. ಆಗ ಆ ರಾಜ್ಯದಲ್ಲಿ ಇಂಥ ಹಳೆಯ ಎಂಜಿನ್‌ಗಳಿಗೆ ಕಡ್ಡಾಯ ತಪಾಸಣೆ ಇರಲಿಲ್ಲ. ಆ ದುರಂತದ ಮೇಲೆ ಕಾನೂನು ತಂದರು. ನಿಮ್ಮ ಮನೆಯವರ ಭಯ ಹುಚ್ಚು ಭಯ ಅಲ್ಲ ಅಂತ ಹೇಳಲು ಇದನ್ನು ಬರೆದೆ. ಆ ಭಯವನ್ನು ಸರಿಯಾದ ಜಾಗಕ್ಕೆ ತಿರುಗಿಸಬೇಕು, ಅಷ್ಟೇ.

ಹಾಗಾದರೆ ನಿಮ್ಮ ದಿಣ್ಣೆಯ ಮೇಲೆ ಏನಾಯಿತು? ಫೈರ್‌ಬಾಕ್ಸ್ ಇರುವುದು ಎಂಜಿನ್ನಿನ ಹಿಂಭಾಗದಲ್ಲಿ, ನೀವು ನಿಲ್ಲುವ ಕಡೆ. ನೀರಿನ ಗಾಜೂ ಅಲ್ಲೇ. ದಿಣ್ಣೆ ಹತ್ತುವಾಗ ಮೂತಿ ಮೇಲೆ, ನೀರೆಲ್ಲ ಹಿಂದಕ್ಕೆ ಬರುತ್ತದೆ. ಗಾಜು ತುಂಬಿದ ಹಾಗೆ ಕಾಣುತ್ತದೆ. ತುದಿ ದಾಟಿದಾಗ ಮೂತಿ ಕೆಳಗೆ, ಅದೇ ನೀರು ಮುಂದಕ್ಕೆ ಓಡುತ್ತದೆ. ಸುಮ್ನೆ ಒಂದು ಲೆಕ್ಕ ಮಾಡಿ. ಹತ್ತಕ್ಕೆ ಒಂದರ ಏರು. ಬಾಯ್ಲರ್ ಉದ್ದ ಎರಡು ಮೀಟರ್ ಇದ್ದರೆ, ನಡುವಿನಿಂದ ಗಾಜಿನ ತನಕ ಒಂದು ಮೀಟರ್. ಹತ್ತುವಾಗ ಗಾಜಿನಲ್ಲಿ ನೀರು 10 ಸೆಂಟಿಮೀಟರ್ ಜಾಸ್ತಿ ತೋರಿಸುತ್ತದೆ, ಇಳಿಯುವಾಗ 10 ಸೆಂಟಿಮೀಟರ್ ಕಡಿಮೆ. ಒಟ್ಟು 20 ಸೆಂಟಿಮೀಟರ್. ಎಷ್ಟೋ ಎಂಜಿನ್‌ಗಳಲ್ಲಿ ಕಣ್ಣಿಗೆ ಕಾಣುವ ಗಾಜೇ ಅಷ್ಟುದ್ದ ಇರುವುದಿಲ್ಲ!

ಅಂದರೆ ಹತ್ತುವಾಗ ಕಂಡ ತುಂಬಿದ ಗಾಜು ಪೂರ್ತಿ ನಿಜ ಹೇಳುತ್ತಿರಲಿಲ್ಲ. ಇಳಿಯುವಾಗ ಕಂಡ ಖಾಲಿ ಗಾಜು ನಿಜ ಹೇಳುತ್ತಿತ್ತು. ಯಾಕೆಂದರೆ ಕ್ರೌನ್ ಕೂಡ ಗಾಜಿನ ಪಕ್ಕದಲ್ಲೇ ಇದೆ. ಗಾಜಿನಲ್ಲಿ ನೀರು ಇಳಿದರೆ ಕ್ರೌನ್ ಮೇಲೂ ಇಳಿದಿರುತ್ತದೆ.

ಕ್ರೌನ್ ಆಗಲೇ ಬರಿದಾಗಿತ್ತಾ? ಬಹುಶಃ ಇಲ್ಲ. ಸಾಮಾನ್ಯವಾಗಿ ಗಾಜಿನ ಕೆಳತುದಿ ಕ್ರೌನ್‌ಗಿಂತ ಸ್ವಲ್ಪ ಮೇಲೆ ಬರುವ ಹಾಗೆ ಕೂರಿಸಿರುತ್ತಾರೆ. ಆದರೆ ಕಾಣದ ನೀರು ಒಂದು ಬೆರಳು ಕೆಳಗಿದೆಯೋ, ಒಂದು ಗೇಣು ಕೆಳಗಿದೆಯೋ ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. ನಿಮ್ಮ ಹಿರಿಯರು ಕೂಗಿದ್ದು ಸರಿ. ತಡಮಾಡದೆ ಸಮತಟ್ಟಿಗೆ ತಂದದ್ದೂ ಸರಿ. ತಪ್ಪಿದ್ದು ಅದಕ್ಕಿಂತ ಎರಡು ನಿಮಿಷ ಮೊದಲು. ತುದಿಯ ಮಟ್ಟಸ ಜಾಗದಲ್ಲಿ ನಿಂತು, ನಿಜವಾದ ನೀರು ಎಷ್ಟಿದೆ ಅಂತ ನೋಡಿ, ಬೇಕಾದಷ್ಟು ತುಂಬಿಕೊಂಡು ಇಳಿಯಬೇಕಿತ್ತು.

ಇಲ್ಲಿ ಇನ್ನೊಂದು ಕಷ್ಟ ಇದೆ, ಅನುಭವಿಗಳೂ ಎಡವುವ ಕಷ್ಟ. ಭಯದಿಂದ ಜಾಸ್ತಿ ನೀರು ತುಂಬಿದರೂ ತೊಂದರೆಯೇ. ಬ್ರಿಟಿಷ್ ಎಂಜಿನ್‌ಗಳಲ್ಲಿ ಪಿಸ್ಟನ್ ಆಡುವ ಸಿಲಿಂಡರ್ ಇರುವುದು ಬಾಯ್ಲರಿನ ಮುಂಭಾಗದ ಮೇಲೆ. ಆವಿ ಅಲ್ಲಿಂದಲೇ ಹೋಗುತ್ತದೆ. ಇಳಿಜಾರಿನಲ್ಲಿ ನೀರು ಮುಂದಕ್ಕೆ ಬಂದಾಗ ಆವಿಯ ಜೊತೆ ನೀರೂ ಸಿಲಿಂಡರಿಗೆ ನುಗ್ಗಬಹುದು. ಚಿಮಣಿಯಿಂದ ಕೊಳಕು ನೀರು ಚಿಮ್ಮುವುದನ್ನು ರ‍್ಯಾಲಿಯಲ್ಲಿ ನೋಡಿರುತ್ತೀರಿ. ನೀರು ಕುಗ್ಗುವುದಿಲ್ಲ ಅಂದೆನಲ್ಲ, ಸಿಲಿಂಡರಿನ ಮುಚ್ಚಳವನ್ನೇ ಅದು ಒಡೆದು ಹಾಕಬಲ್ಲದು. ಹಾಗಾಗಿ ಕ್ರೌನ್ ಮುಚ್ಚುವಷ್ಟು ಬೇಕು, ಸಿಲಿಂಡರಿಗೆ ನುಗ್ಗುವಷ್ಟು ಬೇಡ. ಆ ನಡುವಿನ ಜಾಗ ಪ್ರತಿ ಎಂಜಿನ್ನಿಗೂ ಬೇರೆ. ಅದನ್ನು ಮಾಲೀಕರ ಪಕ್ಕ ನಿಂತೇ ಕಲಿಯಬೇಕು.

ಈಗ ಕ್ಲಬ್‌ನವರ ಧೈರ್ಯದ ಮಾತು. ಸೇಫ್ಟಿ ವಾಲ್ವ್ ಇದೆಯಲ್ಲ ಅಂತಾರೆ. ಅದರ ಕೆಲಸ ಒತ್ತಡ ಮಿತಿ ಮೀರದಂತೆ ನೋಡಿಕೊಳ್ಳುವುದು. ಅದು ಬುಸ್ ಅಂತ ಆವಿ ಬಿಟ್ಟಾಗ ಜನ ಬೆಚ್ಚಿ ಹಿಂದೆ ಸರಿಯುತ್ತಾರೆ. ನಿಜಕ್ಕೂ ಅದು ನೆಮ್ಮದಿಯ ಸದ್ದು, ವಾಲ್ವ್ ಕೆಲಸ ಮಾಡುತ್ತಿದೆ ಅಂತ. ಆದರೆ ನೀರು ಕಡಿಮೆಯಾಗಿ ಕ್ರೌನ್ ಮೆತ್ತಗಾದಾಗ ಒತ್ತಡ ಏರಿರಲೇಬೇಕು ಅಂತಿಲ್ಲ. ದಿನಾ ಓಡುವ ಒತ್ತಡದಲ್ಲೇ ತಗಡು ಹರಿಯುತ್ತದೆ. ಆಗ ಸೇಫ್ಟಿ ವಾಲ್ವ್ ಸುಮ್ಮನೆ ಕೂತಿರುತ್ತದೆ. ಒತ್ತಡದ ಮುಳ್ಳು ಕೂಡ ‘ಎಲ್ಲ ಸರಿ’ ಅಂತಲೇ ತೋರಿಸುತ್ತಿರುತ್ತದೆ.

ಸೀಸದ ಪ್ಲಗ್ ಬಗ್ಗೆ ಹೇಳಿದ್ದು ಅರ್ಧ ನಿಜ. ಕ್ರೌನ್‌ಗೆ ತಿರುಪಿ ಹಾಕಿದ ಗನ್‌ಮೆಟಲ್ (ಒಂದು ಬಗೆಯ ಕಂಚು) ಪ್ಲಗ್ ಅದು, ನಡುವೆ ಸೀಸ. ಸೀಸ 327 ಡಿಗ್ರಿಗೆ ಕರಗುತ್ತದೆ. ನೀರು ಮೇಲಿರುವ ತನಕ ಕರಗುವುದಿಲ್ಲ. ನೀರು ಸರಿದರೆ ಕರಗಿ, ಆವಿ ಬೆಂಕಿಯ ಮೇಲೆ ಬೀಳುತ್ತದೆ. ಕುಕ್ಕರಿನ ಸೇಫ್ಟಿ ಪ್ಲಗ್ ಹಾಗೆ. ಅದು ಎಚ್ಚರಿಕೆಯ ಗಂಟೆ. ಬೆಂಕಿಯನ್ನು ಪೂರ್ತಿ ಆರಿಸುತ್ತದೆ ಅಂತ ನಂಬಬೇಡಿ. ಮೇಲೆ ಗಟ್ಟಿ ಪದರ ಕಟ್ಟಿದ್ದರೆ ಸೀಸ ಕರಗಿಯೂ ಬೀಳದೆ ಇರಬಹುದು. ಹಳೆಯ ಪ್ಲಗ್ ತೆಗೆದು ಕಾಲಕಾಲಕ್ಕೆ ಹೊಸದು ಹಾಕಬೇಕು.

ಪದರ ಅಂದಾಗ ನೆನಪಾಯಿತು. ನೀವಿರುವ ಸಾಲ್ಸ್‌ಬರಿ, ಪಕ್ಕದ ಡಾರ್ಸೆಟ್, ಹೆಚ್ಚಿನ ಕಡೆ ಸೀಮೆಸುಣ್ಣದ ನೆಲ. ಅಲ್ಲಿನ ನೀರು ನಮ್ಮ ತುಮಕೂರು, ಕೋಲಾರದ ಬೋರ್‌ವೆಲ್ ನೀರಿನ ಹಾಗೆ ಗಡಸು. ಹಂಡೆಯ ಒಳಗೆ ಬೆಳ್ಳಗೆ ಕಟ್ಟುತ್ತದಲ್ಲ, ಅದೇ ಬಾಯ್ಲರಿನಲ್ಲೂ ಕಟ್ಟುತ್ತದೆ. ತಗಡಿನಿಂದ ನೀರಿಗೆ ಬಿಸಿ ದಾಟದಂತೆ ತಡೆಯುತ್ತದೆ. ಬಾಯ್ಲರ್‌ಗೆ ಯಾವ ನೀರು ಹಾಕುತ್ತಾರೆ, ಅದಕ್ಕೆ ಔಷಧಿ ಬೆರೆಸುತ್ತಾರಾ, ಎಷ್ಟು ದಿನಕ್ಕೊಮ್ಮೆ ಕೆಳಗಿನ ಪ್ಲಗ್ ತೆಗೆದು ತೊಳೆಯುತ್ತಾರೆ ಅಂತ ಕೇಳಿ.

ಒಂದು ಘಟನೆ ಹೇಳುತ್ತೇನೆ. ಹಲವು ವರ್ಷದ ಹಿಂದೆ ಒಂದು ರ‍್ಯಾಲಿಯಲ್ಲಿ, ಬೆಲ್ಟ್ ಹಾಕಿ ಒಕ್ಕಣೆ ಯಂತ್ರ ಓಡಿಸುತ್ತಿದ್ದ ಎಂಜಿನ್ ಹತ್ತಿರ ನಿಂತಿದ್ದೆ. ನೀರಿನ ಗಾಜು ಸರಿಯಾಗಿ ಅರ್ಧ. ಮಾಲೀಕರು ಒಬ್ಬರ ಹಿಂದೆ ಒಬ್ಬರಿಗೆ ಎಂಜಿನ್ ಕತೆ ಹೇಳುತ್ತಿದ್ದರು. ಹತ್ತು ನಿಮಿಷ ನೋಡಿದೆ. ನೀರು ಒಂದು ಕೂದಲಿನಷ್ಟೂ ಅಲುಗಲಿಲ್ಲ. ಕೆಲಸ ಮಾಡುವ ಎಂಜಿನ್ನಿನಲ್ಲಿ ಗಾಜಿನ ನೀರು ಕುಣಿಯುತ್ತಾ ಇರಬೇಕು. ಮೈ ಜುಂ ಅಂದಿತು. ಹೋಗಿ ಹೇಳಿದೆ. ಗಾಜು ಪರೀಕ್ಷಿಸಿದರೆ ಕೆಳಗಿನ ದಾರಿ ಸುಣ್ಣ ಕಟ್ಟಿ ಮುಚ್ಚಿಹೋಗಿತ್ತು. ನಾವು ನೋಡುತ್ತಿದ್ದದ್ದು ಗಾಜಿನೊಳಗೆ ಸಿಕ್ಕಿಹಾಕಿಕೊಂಡ ನೀರು, ಬಾಯ್ಲರಿನ ನೀರಲ್ಲ. ಪುಣ್ಯಕ್ಕೆ ಒಳಗೆ ಇನ್ನೂ ಸಾಕಷ್ಟಿತ್ತು. ಆ ಮಾಲೀಕರು ಒಳ್ಳೆಯ ಕೆಲಸಗಾರರೇ. ಅವತ್ತು ಬೆಳಿಗ್ಗೆ ಗಾಜು ಪರೀಕ್ಷಿಸುವುದನ್ನು ಒಂದು ಸಲ ಮರೆತಿದ್ದರು.

ಆ ಪರೀಕ್ಷೆ ಕಷ್ಟದ್ದಲ್ಲ. ಗಾಜಿಗೆ ಮೂರು ನಲ್ಲಿ ಇರುತ್ತವೆ. ಮೇಲೆ ಆವಿಯದು, ಕೆಳಗೆ ನೀರಿನದು, ಇನ್ನೊಂದು ಹೊರಗೆ ಬಿಡುವುದು. ನೀರಿನದನ್ನು ಮುಚ್ಚಿ ಹೊರಬಿಡುವುದನ್ನು ತೆರೆದರೆ ಆವಿ ರಭಸದಿಂದ ಬರಬೇಕು. ಆವಿಯದನ್ನು ಮುಚ್ಚಿ ನೀರಿನದನ್ನು ತೆರೆದರೆ ನೀರು ಅಷ್ಟೇ ರಭಸದಿಂದ ಬರಬೇಕು. ಕೊನೆಗೆ ಹೊರಬಿಡುವುದನ್ನು ಮುಚ್ಚಿ ಎರಡನ್ನೂ ತೆರೆದಾಗ ನೀರು ಚಕ್ಕನೆ ತನ್ನ ಮಟ್ಟಕ್ಕೆ ಹಾರಬೇಕು. ನಿಧಾನಕ್ಕೆ ತೆವಳಿದರೆ ದಾರಿಯಲ್ಲಿ ಏನೋ ಕಟ್ಟಿದೆ ಅಂತ ಅರ್ಥ. ಬೆಳಿಗ್ಗೆ ಒಮ್ಮೆ, ಆಮೇಲೆ ದಿನದಲ್ಲಿ ನಾಲ್ಕಾರು ಸಲ, ಅನುಮಾನ ಬಂದಾಗಲೆಲ್ಲ. ನಿಮ್ಮ ಹಿರಿಯರ ಕೈಯಲ್ಲಿ ಇದನ್ನು ಕಲಿತುಕೊಳ್ಳಿ. ಎಂಜಿನ್ನಿನ ನಲ್ಲಿಗಳ ಅಭ್ಯಾಸ ಅವರಿಗೆ ಗೊತ್ತಿರುತ್ತದೆ. ಕೈಗವಸು, ಕನ್ನಡಕ ಇರಲಿ. ಗಾಜು ಕೆಲವೊಮ್ಮೆ ಒಡೆಯುತ್ತದೆ.

ನಿಮ್ಮ ಕ್ಲಬ್‌ನಲ್ಲಿ ಇನ್ನೊಂದು ಮಾತು ಕೇಳಿರಬಹುದು. ನೀರು ಕಡಿಮೆಯಾದರೆ ತಕ್ಷಣ ತುಂಬಬೇಕು ಅಂತ ಒಬ್ಬರು, ಕಾದ ಕ್ರೌನ್ ಮೇಲೆ ತಣ್ಣೀರು ಬಿದ್ದರೆ ಅಲ್ಲೇ ಸಿಡಿಯುತ್ತದೆ ಅಂತ ಇನ್ನೊಬ್ಬರು. ನೀರು ಗಾಜಿನಲ್ಲಿ ಕಾಣುತ್ತಿದೆ, ಇಳಿಯುತ್ತಿದೆ ಅಂದರೆ ತುಂಬಿ, ಅದೇ ಸರಿ. ಕಾಣುತ್ತಿಲ್ಲ, ಪರೀಕ್ಷಿಸಿದರೂ ಬರುತ್ತಿಲ್ಲ, ಎಷ್ಟು ಹೊತ್ತಿಂದ ಹೀಗೆ ಅಂತಲೂ ಗೊತ್ತಿಲ್ಲ ಅಂದರೆ ತುಂಬಬೇಡಿ. ಕಾದ ತಗಡಿಗೆ ನೀರು ಮುಟ್ಟಿದರೆ ಒಮ್ಮೆಲೇ ಆವಿ ಏಳುತ್ತದೆ, ತಗಡಿಗೂ ಏಟು ಬೀಳುತ್ತದೆ. ಪ್ರತಿ ಸಲ ಸಿಡಿಯುತ್ತದೆ ಅಂತಲ್ಲ, ಆದರೆ ಪರೀಕ್ಷೆ ಮಾಡಿ ನೋಡುವ ವಿಷಯ ಅಲ್ಲ ಅದು. ಆಗ ಮಾಡಬೇಕಾದ್ದು ಬೆಂಕಿಯನ್ನು ಕೊಲ್ಲುವುದು. ಬೂದಿಬಾಗಿಲು ಮುಚ್ಚಿ ಗಾಳಿ ನಿಲ್ಲಿಸಿ, ಒದ್ದೆ ಬೂದಿಯೋ ಮಣ್ಣೋ ಹಾಕಿ ಉರಿ ಅಡಗಿಸುವುದು. ಬೆಂಕಿಗೆ ನೀರು ಎರಚಬಾರದು. ವಾಲ್ವ್ ಎಳೆದು ಒತ್ತಡವನ್ನು ಒಮ್ಮೆಲೇ ಬಿಡಬಾರದು. ಜನರನ್ನು ದೂರ ಕಳಿಸಬೇಕು. ಎಂಜಿನ್ ತಣ್ಣಗಾದ ಮೇಲೆ ತಪಾಸಣೆಯವರು ನೋಡುವ ತನಕ ಮತ್ತೆ ಬೆಂಕಿ ಹಾಕಬಾರದು. ನಾಚಿಕೆ ಅಂತ ಮುಚ್ಚಿಡುವವರೂ ಇದ್ದಾರೆ, ಅದು ತಪ್ಪು.

ನೀರು ತುಂಬಲು ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ, ಪಂಪು ಮತ್ತು ಆವಿಯ ಬಲದಿಂದ ನೀರು ತಳ್ಳುವ ಇಂಜೆಕ್ಟರ್. ಪಂಪು ಎಂಜಿನ್ ತಿರುಗುವಾಗ ಮಾತ್ರ ಕೆಲಸ ಮಾಡುತ್ತದೆ. ಇಂಜೆಕ್ಟರ್ ನಿಂತಾಗಲೂ ಮಾಡುತ್ತದೆ, ಆದರೆ ಬಿಸಿಲಲ್ಲಿ ನಿಂತು ಟ್ಯಾಂಕಿನ ನೀರು ಬಿಸಿಯಾದರೆ ಮೊಂಡಾಟ ಶುರು ಮಾಡುತ್ತದೆ. ಎರಡೂ ಕೆಲಸ ಮಾಡುತ್ತಿವೆ ಅಂತ ಬೆಳಿಗ್ಗೆಯೇ ನೋಡಿಕೊಳ್ಳಬೇಕು, ನೀರು ಇಳಿದ ಮೇಲೆ ಅಲ್ಲ.

ಹಾಗೆ ನೋಡಿದರೆ ರ‍್ಯಾಲಿಯಲ್ಲಿ ನಾನು ಹೆಚ್ಚು ಕಂಡದ್ದು ಸಿಡಿತ ಅಲ್ಲ, ಬೇರೆ ಪೆಟ್ಟುಗಳು. ಹತ್ತು ಹನ್ನೆರಡು ಟನ್ ತೂಕ, ಆಳೆತ್ತರದ ಹಿಂಚಕ್ರ. ಬೆರಳು ಹಲ್ಲುಚಕ್ರಕ್ಕೆ ಸಿಕ್ಕುವುದು, ಜಾರಿ ಬೀಳುವುದು, ಸುಟ್ಟುಕೊಳ್ಳುವುದು. ಸ್ಟಿಯರಿಂಗ್ ಹಿಡಿಯುವ ನಿಮಗೆ ಇದು ನೇರವಾಗಿ ಬೇಕಾದ ವಿಷಯ. ಮುಂದಿನ ಗಾಲಿಗಳನ್ನು ಎಡಬಲಕ್ಕೆ ತಿರುಗಿಸುವುದು ಚೈನು. ಸ್ಟಿಯರಿಂಗ್ ಚಕ್ರವನ್ನು ಸುತ್ತಿ ಸುತ್ತಿ ಸುತ್ತಿದ ಮೇಲೆ ಎಂಜಿನ್ ನಿಧಾನಕ್ಕೆ ಮಾತು ಕೇಳುತ್ತದೆ. ತಿರುವು ಬರುವ ಮೊದಲೇ ಸುತ್ತಲು ಶುರು ಮಾಡಬೇಕು, ಮೊದಲೇ ವಾಪಸ್ ತರಬೇಕು. ಇಳಿಜಾರಿನಲ್ಲಿ ಗೇರ್ ಯಾವತ್ತೂ ಬಿಡಿಸಬಾರದು. ಬಿಡಿಸಿದರೆ ಎಂಜಿನ್ನಿನ ಹಿಡಿತ ಗಾಲಿಗೆ ಇರುವುದಿಲ್ಲ, ಕೈಬ್ರೇಕ್ ಒಂದೇ ಅಷ್ಟು ಭಾರ ತಡೆಯುವುದಿಲ್ಲ.

ಈಗ ನಿಮ್ಮ ನಿರ್ಧಾರ. ನಾನು ನಿಮ್ಮ ಜಾಗದಲ್ಲಿದ್ದರೆ ಬಿಡುತ್ತಿರಲಿಲ್ಲ. ಆದರೆ ಸ್ಟಿಯರಿಂಗ್ ಹಿಡಿಯುವ ಮೊದಲು ಹಿರಿಯರ ಜೊತೆ ಚಹಾ ಕುಡಿಯುತ್ತಾ ಆಗಸ್ಟ್ ವಿಷಯ ಎತ್ತುತ್ತಿದ್ದೆ. ‘ಅವತ್ತು ನೀರು ಹೋಯಿತಲ್ಲ, ನಾನು ಏನು ಮಾಡಬೇಕಿತ್ತು?’ ಅಂತ ಕೇಳಿ. ಬಿಚ್ಚು ಮನಸ್ಸಿನಿಂದ ವಿವರಿಸಿ, ತಪಾಸಣೆಯ ವರದಿ ಮತ್ತು ವಿಮೆ ತೋರಿಸಿ, ಮುಂದೆ ದಿಣ್ಣೆಯ ತುದಿಯಲ್ಲಿ ನಿಲ್ಲೋಣ ಅಂದರೆ ಅವರ ಜೊತೆ ನಿಶ್ಚಿಂತೆಯಿಂದ ಹೋಗಿ. ಸ್ಟಿಯರಿಂಗ್ ಹಿಡಿದವನೂ ನೀರಿನ ಗಾಜು ನೋಡಬೇಕು, ‘ನೀರು’ ಅಂತ ಕೂಗುವ ಹಕ್ಕು ಇಬ್ಬರಿಗೂ ಇರಬೇಕು ಅಂತ ಮಾತಾಡಿಕೊಳ್ಳಿ. ‘ಅದೆಲ್ಲ ಏನೂ ಇಲ್ಲ’ ಅಂತ ಮಾತು ತಿರುಗಿಸಿದರೆ ಅವರು ಎಷ್ಟೇ ಒಳ್ಳೆಯವರಾದರೂ ಕೆಳಗಿಳಿದು ನಿಲ್ಲಿ. ಕಲಿಯಲು ಬೇರೆ ಜಾಗ ಇದೆ. ನ್ಯಾಷನಲ್ ಟ್ರ್ಯಾಕ್ಷನ್ ಎಂಜಿನ್ ಟ್ರಸ್ಟ್ ಓಡಿಸುವ ತರಬೇತಿ ಕೊಡುತ್ತದೆ. 1950ರಲ್ಲಿ ಆಪಲ್‌ಫರ್ಡ್ ಅನ್ನುವ ಹಳ್ಳಿಯಲ್ಲಿ ಇಬ್ಬರು ಒಂದು ಪೀಪಾಯಿ ಬಿಯರ್ ಪಣಕ್ಕಿಟ್ಟು ಎಂಜಿನ್ ಓಡಿಸಿದರು. ಗುಜರಿಗೆ ಹೋಗುತ್ತಿದ್ದ ಎಂಜಿನ್‌ಗಳ ಮೇಲೆ ಜನಕ್ಕೆ ಮತ್ತೆ ಪ್ರೀತಿ ಹುಟ್ಟಿದ್ದು ಆ ಪಂದ್ಯದಿಂದ. ನಾಲ್ಕು ವರ್ಷದಲ್ಲಿ ಈ ಟ್ರಸ್ಟ್ ಒಂದು ಕ್ಲಬ್ ಆಗಿ ಹುಟ್ಟಿತು.

ಚಿಕ್ಕ ಎಂಜಿನ್ ಕಡಿಮೆ ಅಪಾಯ ಅಂತ ತಗೊಳ್ಳಬೇಡಿ. ನಾಲ್ಕು ಇಂಚಿನ ಅಳತೆಯದು, ಅಂದರೆ ನಿಜದ ಒಂದು ಅಡಿಗೆ ನಾಲ್ಕು ಇಂಚು, ನಿಜದ ಮೂರನೇ ಒಂದು ಪಾಲು. ಸಿಡಿದರೆ ಹಾನಿ ಕಡಿಮೆ, ನಿಜ. ಆದರೆ ಬಾಯ್ಲರಿನಲ್ಲಿ ನೀರೂ ಕಡಿಮೆ. ದೊಡ್ಡ ಎಂಜಿನ್ನಿನಲ್ಲಿ ನಿಮಗೆ ಹತ್ತು ನಿಮಿಷ ಸಿಗುವ ಕಡೆ ಇದರಲ್ಲಿ ಎರಡು ನಿಮಿಷವೂ ಸಿಗದೆ ಇರಬಹುದು. ಗಾಜು ಪುಟ್ಟದು, ಅದರ ದಾರಿಯೂ ಪುಟ್ಟದು, ಬೇಗ ಕಟ್ಟಿಕೊಳ್ಳುತ್ತದೆ. ಕಾಗದಪತ್ರ ಇಲ್ಲದ ಬಾಯ್ಲರ್ ಯಾರಾದರೂ ಅಗ್ಗಕ್ಕೆ ಕೊಟ್ಟರೆ ಮುಟ್ಟಬೇಡಿ. ಮೊದಲು ಎರಡು ಬೇಸಿಗೆ ದೊಡ್ಡದರ ಮೇಲೆ ಕಲಿಯಿರಿ, ಆಮೇಲೆ ನೋಡೋಣ.

ಇನ್ನು ನಿಮ್ಮ ಮಗ. ಓಡುವ ಎಂಜಿನ್ ಮೇಲೆ ಹತ್ತು ವರ್ಷದ ಮಗು ಬೇಡ. ಅಲ್ಲಿ ಇಬ್ಬರಿಗೇ ಜಾಗ ಕಷ್ಟ, ಒಂದು ಕಡೆ ಬೆಂಕಿ ಬಾಗಿಲು, ಇನ್ನೊಂದು ಕಡೆ ತಿರುಗುವ ಹಲ್ಲುಚಕ್ರ. ಎಂಜಿನ್ ಕುಲುಕಿದರೆ ಮಗು ಕೈ ಇಡುವುದು ಇಡಬಾರದ ಕಡೆಗೇ. ಆದರೆ ಅವನನ್ನು ಪೂರ್ತಿ ದೂರ ಇಡಬೇಡಿ. ಟ್ರಸ್ಟ್‌ನವರದೇ ಸ್ಟೀಮ್ ಅಪ್ರೆಂಟಿಸ್ ಕ್ಲಬ್ ಇದೆ, ಮಕ್ಕಳಿಗೆ, ಹುಡುಗ ಹುಡುಗಿಯರಿಗೆ ಕೆಲಸ ಕಲಿಸುವುದಕ್ಕೇ ಇರುವುದು. ಅದಕ್ಕೂ ಮೊದಲು, ಬೆಳಿಗ್ಗೆ ಬೆಂಕಿ ಹಾಕುವ ಹೊತ್ತಿಗೆ ಅವನನ್ನು ಕರೆದುಕೊಂಡು ಹೋಗಿ. ಒತ್ತಡ ಏರಲು ಮೂರು ನಾಲ್ಕು ಗಂಟೆ ಬೇಕು, ಎಂಜಿನ್ ಕದಲದೆ ನಿಂತಿರುತ್ತದೆ. ಉರಿ ಹಚ್ಚುವ ಮೊದಲು ಅವನನ್ನು ಗಾಜಿನ ಮುಂದೆ ನಿಲ್ಲಿಸಿ, ನೀರು ಎಲ್ಲಿದೆ ಅಂತ ಕೇಳಿ. ಅವನು ಬೆರಳಿಟ್ಟು ತೋರಿಸಿದ ಮೇಲೆ ನಿಮ್ಮ ಹಿರಿಯರು ಬೆಂಕಿಕಡ್ಡಿ ಗೀರಲಿ.